ಪುಕ್ಕಟೆ ಕಾವಲು

ಬೀಗದಣ್ಣ ಸಂಜೆ ಅಂಗಡಿ ಮುಚ್ಚುವುದನ್ನು ನೋಡಲೆಂದೇ ಎದುರಿನ ಔಷಧಿ ಅಂಗಡಿಯವನು ಗಲ್ಲಾ ಬಿಟ್ಟು ಹೊರಗೆ ಬಂದು ನಿಲ್ಲುತ್ತಿದ್ದ. ಅದೊಂದು ಸಣ್ಣ ನಾಟಕ. ಷಟರ್ ಎಳೆದದ್ದಾಯಿತು, ಎಡಕ್ಕೊಂದು ಬಲಕ್ಕೊಂದು ಬೀಗ ಬಿದ್ದದ್ದಾಯಿತು, ಎರಡನ್ನೂ ಜಗ್ಗಿ ನೋಡಿದ್ದಾಯಿತು. ಇನ್ನೇನು ಹೋದ ಎನ್ನುವಷ್ಟರಲ್ಲಿ ಬೀದಿಯ ತಿರುವಿನಿಂದ ವಾಪಸು ಬಂದು ಮತ್ತೊಮ್ಮೆ ಜಗ್ಗುತ್ತಿದ್ದ.

“ಹಾಕಿದೀರಿ ಅಣ್ಣಾ, ಬೇಕಾದ್ರೆ ನಾನೇ ಸಾಕ್ಷಿ,” ಎಂದು ಔಷಧಿಯವನು ಕೂಗುತ್ತಿದ್ದ.

“ಸಾಕ್ಷಿ ಹೇಳೋನು ಅಲ್ಲಿ ಯಾಕೆ ನಿಂತಿದ್ದ ಅಂತ ಮೊದಲು ಕೇಳ್ತಾರೆ. ನೀನು ಒಳಗೆ ಹೋಗು.”

ಎರಡು ಬೀಗಗಳೂ ಬೇರೆ ಬೇರೆ ಕಂಪನಿಯವು. ಒಬ್ಬನೇ ಮಾಡಿದ ಎರಡು ಬೀಗವೆಂದರೆ ಒಂದೇ ಬೀಗ ಇದ್ದ ಹಾಗೆ, ಒಂದರ ಗುಟ್ಟು ತಿಳಿದವನಿಗೆ ಇನ್ನೊಂದರದ್ದೂ ತಿಳಿದಿರುತ್ತದೆ ಎಂಬುದು ಅವನ ವಾದ. ಹೊಸ ಮನೆಗೆ ಹೋಗುವವರಿಗೆ ಅವನು ಹೇಳುತ್ತಿದ್ದ ಮೊದಲ ಮಾತು, ಕಟ್ಟಿಸಿಕೊಟ್ಟವನು ಹಾಕಿದ ಬೀಗವನ್ನು ಅಂದೇ ಕಿತ್ತು ಬಿಸಾಡಿ ಎಂದು. ಮನೆಯ ಜೊತೆಗೆ ಬಂದ ಬೀಗದ ಇನ್ನೊಂದು ಕೈ ಯಾರ ಜೇಬಿನಲ್ಲಿದೆಯೋ ಯಾರು ಕಂಡಿದ್ದಾರೆ? ಈ ಮಾತಿನಿಂದ ಅವನಿಗೆ ವ್ಯಾಪಾರವೂ ಆಗುತ್ತಿತ್ತು, ನಿಜ. ಆದರೆ ಅವನು ಅದನ್ನು ವ್ಯಾಪಾರಕ್ಕಾಗಿ ಹೇಳುತ್ತಿರಲಿಲ್ಲ. ನಂಬಿ ಹೇಳುತ್ತಿದ್ದ.

ಕೆಲಸ ಕಲಿತದ್ದು ಸೋದರಮಾವನ ಹತ್ತಿರ. ಅರ ಹಿಡಿಯುವುದನ್ನು ಕಲಿಸುವ ಮೊದಲೇ ಮಾವ ಅನುಮಾನ ಪಡುವುದನ್ನು ಕಲಿಸಿದ್ದ. ಬೀಗ ತರದೆ ಅದರ ಕೈಯನ್ನಷ್ಟೇ ತಂದು ಇನ್ನೊಂದು ಮಾಡಿಕೊಡು ಎನ್ನುವವನಿಗೆ ಮಾಡಿಕೊಡಬೇಡ. ಬಾಗಿಲು ತೆಗೆದುಕೊಡು ಎನ್ನುವವನನ್ನು ಪಕ್ಕದ ಮನೆಯವರು ಗುರುತಿಸದಿದ್ದರೆ ಇಕ್ಕಳ ಚೀಲದಿಂದ ಹೊರಗೆ ತೆಗೆಯಬೇಡ. ಒಮ್ಮೆ ಒಬ್ಬ ಸಭ್ಯ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸೂಟ್‌ಕೇಸು, ಬೀಗದ ಕೈ ಕಳೆದಿದೆ ಎಂದು ಕರೆದುಕೊಂಡು ಹೋದ. ಬಾಗಿಲ ಮುಂದೆ ನಿಂತು ಬೀಗದಣ್ಣ ಕೇಳಿದ್ದು ಒಂದೇ ಪ್ರಶ್ನೆ: “ಬಾಗಿಲು ತೆಗೆದ ತಕ್ಷಣ ಎಡಗಡೆ ಏನಿದೆ?” ಆ ಮನುಷ್ಯ ತಡವರಿಸಿದ. ಬೀಗದಣ್ಣ ಚೀಲ ಹೆಗಲಿಗೆ ಹಾಕಿ ಮೆಟ್ಟಿಲಿಳಿದ. ಆತ ಆ ಮನೆಯವರ ಖಾಸಾ ಅಣ್ಣ, ಅಂದೇ ಊರಿಗೆ ಬಂದವನು, ಮಧ್ಯಾಹ್ನವೆಲ್ಲ ಬಿಸಿಲಲ್ಲಿ ಮೆಟ್ಟಿಲ ಮೇಲೆ ಕೂತಿದ್ದ ಎಂದು ಆಮೇಲೆ ತಿಳಿಯಿತು. “ಕೂರಲಿ,” ಎಂದ ಬೀಗದಣ್ಣ. “ಕಳ್ಳನಾಗಿದ್ರೆ?”

ಬೀದಿಯವರು ಅವನನ್ನು ಆಡಿಕೊಳ್ಳುತ್ತಿದ್ದರು. ಹಾಗೆಯೇ, ತಮ್ಮ ಮನೆಗಳಿಗೆ ಅವನ ಕೈಯಲ್ಲೇ ಬೀಗ ಹಾಕಿಸುತ್ತಿದ್ದರು.

ಮನೆಯಲ್ಲಿ ಇದ್ದವರು ಅವನು, ಹೆಂಡತಿ. ಮಗಳು ಮದುವೆಯಾಗಿ ಅದೇ ಊರಿನ ಇನ್ನೊಂದು ತುದಿಯಲ್ಲಿದ್ದಳು, ಒಂದು ವಿಮಾ ಕಚೇರಿಯಲ್ಲಿ ಕೆಲಸ. ನಡುಮನೆಯ ಕಿಟಕಿಯ ಪಕ್ಕ, ಹೊಲಿಗೆ ಯಂತ್ರ ಮೊದಲಿದ್ದ ಜಾಗದಲ್ಲಿ, ಹೆಂಡತಿಯ ಕಂಪ್ಯೂಟರ್. ಅವಳು ಮದುವೆಗೆ ಮುಂಚಿನಿಂದಲೂ ಒಂದು ಮುದ್ರಣಾಲಯದಲ್ಲಿದ್ದವಳು. ಮೊದಲು ಕರಡು ತಿದ್ದುತ್ತಿದ್ದಳು, ಆಮೇಲೆ ಅಕ್ಷರ ಜೋಡಿಸುವುದಕ್ಕೆ ಕೂತಳು. ಪ್ರೆಸ್ಸು ಎರಡನೆಯ ಮಹಡಿಯಲ್ಲಿತ್ತು. ಮೊಣಕಾಲು ಕೈಕೊಟ್ಟ ಮೇಲೆ ಆ ಮೆಟ್ಟಿಲು ಹತ್ತುವುದು ಆಗದೆ ಕೆಲಸ ಬಿಡುತ್ತೇನೆ ಎಂದಾಗ, ಬಿಡುವುದು ಬೇಡ, ಮನೆಯಲ್ಲೇ ಕೂತು ಮಾಡಿ ಎಂದವರು ಪ್ರೆಸ್ಸಿನ ಒಡತಿ. ಹಸ್ತಪ್ರತಿ ಮನೆಗೆ ಬರುತ್ತಿತ್ತು, ಜೋಡಿಸಿದ ಪುಟಗಳು ಪೆನ್‌ಡ್ರೈವಿನಲ್ಲಿ ಪ್ರೆಸ್ಸಿಗೆ ಹೋಗುತ್ತಿದ್ದವು. ಅವಳ ಬೆರಳಿನ ವೇಗ ಹೇಗಿತ್ತೆಂದರೆ, ಕಣ್ಣು ಹಸ್ತಪ್ರತಿಯ ಮೇಲೆ, ಬಾಯಿ ಅಡುಗೆಮನೆಯಲ್ಲಿರುವ ಗಂಡನ ಜೊತೆ ಮಾತಿನಲ್ಲಿ, ಕೈ ಮಾತ್ರ ತನ್ನ ಪಾಡಿಗೆ ತಾನು ಓಡುತ್ತಿತ್ತು. ಸಂಸಾರದಲ್ಲಿ ತನ್ನದು ಎಂದು ಅವಳು ಹೇಳಿಕೊಳ್ಳುತ್ತಿದ್ದುದು ಆ ವೇಗವೊಂದನ್ನೇ.

ಆ ಸಲ ಅವಳ ಕೈಯಲ್ಲಿದ್ದದ್ದು ದಾದಿಯರಿಗಾಗಿ ಬರೆದ ಒಂದು ದಪ್ಪ ಕೈಪಿಡಿ. ಅರ್ಧ ಮುಗಿದಿತ್ತು. ಆಗ ಒಂದು ಬೆಳಿಗ್ಗೆ ಒಡತಿಯ ಫೋನು ಬಂತು. ಅವಳು ಕಳಿಸಿದ ಪೆನ್‌ಡ್ರೈವ್ ಹಾಕಿದ ಮೇಲೆ ಪ್ರೆಸ್ಸಿನ ಒಂದು ಕಂಪ್ಯೂಟರಿನಲ್ಲಿ ಕಡತಗಳೆಲ್ಲ ಕಾಣೆಯಾಗಿ, ಅವುಗಳ ಹೆಸರು ಹೊತ್ತ ಪೊಳ್ಳು ಗುರುತುಗಳು ಮಾತ್ರ ಉಳಿದಿದ್ದವಂತೆ. ವೈರಸ್. ಎಲ್ಲ ಸರಿಪಡಿಸುವುದಕ್ಕೆ ಇಡೀ ದಿನ ಹಿಡಿಯಿತಂತೆ.

“ಬೇಜಾರು ಮಾಡ್ಕೋಬೇಡಿ,” ಎಂದರು ಒಡತಿ. “ನಿಮ್ಮ ಮನೆ ಕಂಪ್ಯೂಟರಿಗೆ ಒಂದು ಒಳ್ಳೇ ಆಂಟಿವೈರಸ್ ಹಾಕಿಸಿ. ಪುಕ್ಕಟೆ ಸಿಗೋದೇ ಆದ್ರೂ ಪರವಾಗಿಲ್ಲ. ಇನ್ನೊಂದು ಸಲ ಹೀಗಾದ್ರೆ ಮಾತ್ರ ಮನೆಯಿಂದ ಕೆಲಸ ತಗೊಳ್ಳೋಕೆ ನನಗೆ ಆಗಲ್ಲ.”

ವೈರಸ್ ಎಲ್ಲಿಂದ ಬಂತು ಎಂಬುದರಲ್ಲಿ ಗುಟ್ಟೇನೂ ಇರಲಿಲ್ಲ. ಹಿಂದಿನ ವಾರ ಬೀಗದಣ್ಣ ಅಂಗಡಿಯ ಹೊಸ ಬೋರ್ಡಿನ ಚಿತ್ರದ ಪ್ರಿಂಟ್ ತೆಗೆಸಲು ಅದೇ ಪೆನ್‌ಡ್ರೈವನ್ನು ಜೆರಾಕ್ಸ್ ಅಂಗಡಿಗೆ ಕೊಂಡೊಯ್ದಿದ್ದ. ಹೆಂಡತಿ ಅದನ್ನು ಎತ್ತಿ ಆಡಲಿಲ್ಲ. ಅವನ ಮುಖವನ್ನು ಒಮ್ಮೆ ನೋಡಿದಳು, ಅಷ್ಟೆ.

“ಕಾವಲಿನ ವಿಷಯ ತಾನೆ?” ಎಂದ ಅವನು. “ಅದನ್ನ ನನಗೆ ಬಿಡು.”

“ಮಗಳಿಗೆ ಫೋನ್ ಮಾಡಿದ್ರೆ ಹೇಳ್ತಾಳೆ.”

“ಬೀಗ ಹಾಕೋದನ್ನ ನನಗೆ ಮಗಳು ಹೇಳಿಕೊಡ್ಬೇಕಾ?”

ಆದರೂ ಮಗಳಿಗೆ ಫೋನು ಹೋಯಿತು. ಮಗಳು ಕಚೇರಿಯ ಗದ್ದಲದ ನಡುವೆ ನಿಂತು ಹೇಳಿದಳು: “ಅಪ್ಪಾ, ಕಂಪ್ಯೂಟರ್ ಜೊತೆಗೇ ಒಂದು ಬಂದಿರುತ್ತೆ. ಅದನ್ನ ಆನ್ ಮಾಡಿಟ್ರೆ ಸಾಕು. ನಮ್ಮನೇಲೂ ಅದೇ ಇರೋದು. ಸುಮ್ನೆ ತಲೆ ಕೆಡಿಸ್ಕೋಬೇಡ.”

ಜೊತೆಗೇ ಬಂದದ್ದು! ಬೀಗದಣ್ಣನಿಗೆ ಅಷ್ಟು ಕೇಳಿದ್ದೇ ಸಾಕಾಯಿತು. ಮನೆ ಕಟ್ಟಿದವನೇ ಬೀಗವನ್ನೂ ಹಾಕಿಕೊಟ್ಟಿದ್ದಾನೆ, ಅದರ ಇನ್ನೊಂದು ಕೈ ಮಾತ್ರ ತೋರಿಸಿಲ್ಲ. ವಿಮೆ ಮಾರುವ ಕಚೇರಿಯಲ್ಲಿದ್ದೂ ಇವಳಿಗೆ ಇಷ್ಟು ತಿಳಿಯುವುದಿಲ್ಲವಲ್ಲ ಎಂದುಕೊಂಡು ಫೋನಿಟ್ಟ.

ಪಕ್ಕದ ಮನೆಯಲ್ಲಿ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟ್ರಿದ್ದರು. ಕೇಳಿದರೂ ಹೇಳುವವರು, ಕೇಳದಿದ್ದರೂ ಹೇಳುವವರು. ಭಾನುವಾರ ಬೆಳಿಗ್ಗೆ ಅವರನ್ನು ಕರೆತಂದು ಕುರ್ಚಿ ಹಾಕಿಕೊಟ್ಟ. ಮೇಷ್ಟ್ರು ಪುಕ್ಕಟೆ ಸಿಗುವ ಆಂಟಿವೈರಸ್‌ಗಳ ಹೆಸರುಗಳನ್ನು ಒಂದೊಂದಾಗಿ ತೆರೆದು ತೋರಿಸುತ್ತ ಹೋದರು. ಎಲ್ಲವೂ ನಾನೇ ಮೊದಲು ಎನ್ನುತ್ತಿದ್ದವು.

“ಇದನ್ನ ಪುಕ್ಕಟೆ ಯಾಕೆ ಕೊಡ್ತಾರೆ ಮೇಷ್ಟ್ರೇ?”

“ಜನ ಬಳಸಲಿ ಅಂತ.”

“ಜನ ಬಳಸಿದ್ರೆ ಅವರಿಗೇನು?”

“ಇವತ್ತು ಪುಕ್ಕಟೆ ತಗೊಂಡೋರು ನಾಳೆ ದುಡ್ಡು ಕೊಟ್ಟು ದೊಡ್ಡದನ್ನ ತಗೋತಾರೆ.”

“ತಗೊಳ್ಳದೆ ಇದ್ರೆ?”

ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡರು. “ತಗೊಳ್ಳದೆ ಇದ್ರೆ ಆಗಾಗ ಜಾಹೀರಾತು ತೋರಿಸ್ತಾರೆ. ಕೆಲವರು, ನೀವು ಏನೇನು ನೋಡ್ತೀರಿ ಅಂತ ಬರೆದಿಟ್ಕೊಂಡು ಬೇರೆಯವರಿಗೆ ಮಾರ್ತಾರೆ ಅಂತಾನೂ ಹೇಳ್ತಾರಪ್ಪ.”

“ಹಾಗೆ ಹೇಳಿ ಮತ್ತೆ! ರಾತ್ರಿ ಕಾವಲಿಗೆ ಪುಕ್ಕಟೆ ಬರ್ತೀನಿ ಅನ್ನೋನು ಹಗಲು ಮನೆಯೊಳಗಿನ ಸಾಮಾನು ನೋಡ್ಕೊಂಡು ಹೋಗ್ತಾನೆ.”

“ಎಲ್ಲರೂ ಹಾಗಲ್ಲ ರೀ.”

“ಯಾರು ಹಾಗೆ, ಯಾರು ಹಾಗಲ್ಲ ಅಂತ ಹಣೇಲಿ ಬರೆದಿರುತ್ತಾ?”

ಒಂದು ಮಾತು ಒಪ್ಪಬೇಕು. ಆ ಬೆಳಿಗ್ಗೆ ಅವನ ಅನುಮಾನ ಚೆನ್ನಾಗಿಯೇ ಕೆಲಸ ಮಾಡಿತು. ಪರದೆಯ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ, ಎಲ್ಲಕ್ಕಿಂತ ಹಸಿರಾಗಿ ಕಾಣುತ್ತಿದ್ದ ‘ಇಲ್ಲಿ ಒತ್ತಿ’ ಎಂಬ ಗುಂಡಿಯನ್ನು ಮೇಷ್ಟ್ರು ಒತ್ತಲು ಹೋದಾಗ ಬೀಗದಣ್ಣ ಅವರ ಮಣಿಕಟ್ಟು ಹಿಡಿದ. ಇಷ್ಟು ಆಸೆಯಿಂದ ಕರೆಯುವುದನ್ನು ಒತ್ತಬಾರದು ಎಂದ. ನೋಡಿದರೆ ಅದು ಯಾವುದೋ ಬೇರೆಯವರ ಜಾಹೀರಾತು. ಅಸಲಿ ಗುಂಡಿ ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಮುದುಡಿ ಕೂತಿತ್ತು. ಹಾಕಿಕೊಳ್ಳುವಾಗಲೂ, ಯಾರೂ ಕೇಳದೆ ಮೊದಲೇ ಗುರುತು ಬಿದ್ದಿದ್ದ ಚೌಕಗಳನ್ನು ಒಂದೊಂದಾಗಿ ತೋರಿಸಿ ಗುರುತು ತೆಗೆಸಿದ. “ಇದೇನು? ಇದು ಯಾಕೆ? ನಾನು ಕೇಳಿದ್ದು ಒಂದು, ಇವನು ಸಂಸಾರ ಸಮೇತ ಒಳಗೆ ಬರ್ತಿದಾನಲ್ಲ!” ಮೇಷ್ಟ್ರು ತಮ್ಮ ವಿದ್ಯಾರ್ಥಿಗಳಿಗೂ ಇಷ್ಟು ಎಚ್ಚರವಿಲ್ಲ ಎಂದು ಮೆಚ್ಚಿಕೊಂಡರು. ಬೀಗದಣ್ಣ ಉಬ್ಬಿದ. ಅಲ್ಲಿಗೆ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಒಂದನ್ನು ಹಾಕಿದ ಮೇಲೆ ಅವನು ಕೇಳಿದ: “ಈಗ ಇವನನ್ನು ಕಾಯೋರು ಯಾರು?”

“ಇವನೇ ಅಲ್ವಾ ಕಾಯೋನು?”

“ಅದನ್ನೇ ಕೇಳಿದ್ದು. ಇನ್ನೊಂದು ಹಾಕಿ. ಬೇರೆ ಕಂಪನಿದು, ಬೇರೆ ದೇಶದ್ದು. ಒಬ್ಬರ ಮೇಲೆ ಒಬ್ಬರು ಕಣ್ಣಿಟ್ಟಿರ್ಲಿ. ಜೊತೆಗೆ ಬಂದದ್ದನ್ನ ಮುಚ್ಚಿಬಿಡಿ.”

ಎರಡು ಆಂಟಿವೈರಸ್ ಒಟ್ಟಿಗೆ ಹಾಕಬಾರದು ಎಂದು ಮೇಷ್ಟ್ರು ಎಲ್ಲೋ ಓದಿದ್ದರು. ಹೇಳಿಯೂ ಹೇಳಿದರು. ಆದರೆ ಯಾಕೆ ಎಂದು ಕೇಳಿದಾಗ ಸರಿಯಾಗಿ ನೆನಪಾಗಲಿಲ್ಲ. ಯಾಕೆಂದು ಹೇಳಲಾಗದ ಮಾತನ್ನು ಬೀಗದಣ್ಣ ಕಿವಿಗೆ ಹಾಕಿಕೊಳ್ಳುವವನಲ್ಲ. ಎರಡನೆಯದೂ ಒಳಗೆ ಬಂತು.

ಮಾರನೆಯ ದಿನದಿಂದ ಕಂಪ್ಯೂಟರ್ ಉಸಿರು ಕಟ್ಟಿದವರಂತೆ ನಡೆಯತೊಡಗಿತು. ಒಂದು ಪುಟ ತೆರೆಯಬೇಕಾದರೆ ಹೆಂಡತಿ ಒಲೆಯ ಮೇಲಿನ ಹಾಲು ನೋಡಿ ಬರಬಹುದಿತ್ತು. ಇಬ್ಬರು ಕಾವಲುಗಾರರೂ ಪ್ರತಿ ಕಡತವನ್ನೂ ಬಾಗಿಲಲ್ಲಿ ತಡೆಯುತ್ತಿದ್ದರು, ಒಬ್ಬನು ತಡವಿ ಬಿಟ್ಟದ್ದನ್ನು ಇನ್ನೊಬ್ಬನು ತಡವುತ್ತಿದ್ದ. ಸಾಲದ್ದಕ್ಕೆ, ಒಬ್ಬನು ಇನ್ನೊಬ್ಬನ ಸರಂಜಾಮನ್ನೇ ಕಳ್ಳಮಾಲು ಎಂದು ಎತ್ತಿ ಬೇರೆ ಇಟ್ಟ. ಅವನು ಕೂಗಿಕೊಂಡ. ಪರದೆಯ ಮೂಲೆಯಲ್ಲಿ ಕೆಂಪು ಚೌಕಗಳು ಒಂದರ ಮೇಲೊಂದು ಏಳುತ್ತಿದ್ದವು.

“ಇದೇನ್ರೀ, ಇಬ್ಬರೂ ಕಚ್ಚಾಡ್ತಿದಾರೆ,” ಎಂದಳು ಹೆಂಡತಿ. “ಶುಕ್ರವಾರಕ್ಕೆ ನಾನು ಪುಟ ಕಳಿಸ್ಬೇಕು.”

“ಕಚ್ಚಾಡ್ಲಿ. ಕಾವಲುಗಾರರು ದೋಸ್ತಿ ಮಾಡ್ಕೊಂಡ್ರೆ ಕಷ್ಟ.”

ಮೂರನೆಯ ದಿನ ಮಧ್ಯಾಹ್ನ ಬೀಗದಣ್ಣ ಊಟಕ್ಕೆ ಬಂದಾಗ ಹೆಂಡತಿ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಪರದೆಯ ಮೇಲೆ ಹೊಸದೊಂದು ಚೌಕ ಎದ್ದಿತ್ತು. ಅದರಲ್ಲಿದ್ದ ಇಂಗ್ಲಿಷನ್ನು ಅವನು ಅಕ್ಷರ ಕೂಡಿಸಿ ಓದಿದ, ಸಾಲದೆ ಊಟಕ್ಕೆ ಮನೆಗೆ ಬಂದಿದ್ದ ಮೇಷ್ಟ್ರನ್ನು ಬೇಲಿಯಾಚೆಯಿಂದ ಕೂಗಿ ಓದಿಸಿದ. ಈ ಕಂಪ್ಯೂಟರಿನಲ್ಲಿರುವ ಒಂದು ಪ್ರೋಗ್ರಾಮು ನೀವು ಒತ್ತುವ ಪ್ರತಿಯೊಂದು ಗುಂಡಿಯನ್ನೂ ಗಮನಿಸುತ್ತಿದೆ, ತಡೆಯಬೇಕೆ ಎಂದು ಅದು ಕೇಳುತ್ತಿತ್ತು. ಪ್ರೋಗ್ರಾಮಿನ ಹೆಸರೂ ಇತ್ತು. ಹೆಂಡತಿ ಅಕ್ಷರ ಜೋಡಿಸಲು ಬಳಸುತ್ತಿದ್ದ ಪ್ರೋಗ್ರಾಮು ಅದು. ಅದನ್ನು ಮಾಡಿಕೊಟ್ಟವನು ಪ್ರೆಸ್ಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು, ಹೆಂಡತಿ ‘ತಮ್ಮಾ’ ಎಂದು ಕರೆಯುತ್ತಿದ್ದವನು. ಮನೆಯಲ್ಲಿ ಅವನ ಹೆಸರೇ ಪ್ರೆಸ್ಸಿನ ತಮ್ಮ.

ಬೀಗದಣ್ಣ ‘ತಡೆ’ ಎಂಬುದನ್ನು ಒತ್ತಿದ.

ಹೆಂಡತಿ ಬಂದು ಕೂತು ಬೆರಳಾಡಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟಿದವು. ಅವಳು ಕೈ ತೆಗೆದಳು. ಬೀಗದಣ್ಣ ಹಿಂದೆ ನಿಂತು, ಏನೂ ಗೊತ್ತಿಲ್ಲದವನ ದನಿಯಲ್ಲಿ ಕೇಳಿದ:

“ಆ ನಿನ್ನ ಪ್ರೆಸ್ಸಿನ ತಮ್ಮ ಇದನ್ನ ಯಾವಾಗ ಹಾಕಿಕೊಟ್ಟ?”

“ಮನೆಯಿಂದ ಕೆಲಸ ಶುರುಮಾಡಿದಾಗ. ಯಾಕೆ?”

“ಎಷ್ಟು ತಗೊಂಡ?”

“ಏನೂ ಇಲ್ಲ. ನಾನು ಪ್ರೆಸ್ಸಿನಲ್ಲಿದ್ದಾಗ ಪಾಪ, ಪಕ್ಕದಲ್ಲಿ ಕೂತು, ನನ್ನ ಬೆರಳು ಹೇಗೆ ಓಡುತ್ತೆ ಅಂತ ನೋಡಿ ನೋಡಿ ಗುಂಡಿಗಳನ್ನ ಅದಕ್ಕೆ ತಕ್ಕ ಹಾಗೆ ಜೋಡಿಸಿದ. ಬೇರೆಯವರಿಗೆ ಇದು ಕೈ ಹತ್ತಲ್ಲ, ನನಗೆ ಮಾತ್ರ.”

ಹೇಳುವವಳು ಸಹಜವಾಗಿ ಹೇಳಿದಳು. ಕೇಳುವವನ ತಲೆಯಲ್ಲಿ ಹುಳ ಹೊಕ್ಕಿತು. ಬೆರಳು ನೋಡಿ ನೋಡಿ. ಪುಕ್ಕಟೆ. ಅವಳಿಗೆ ಮಾತ್ರ. ಇಷ್ಟು ವರ್ಷ ಇವಳು ಒತ್ತಿದ್ದೆಲ್ಲ, ಮಗಳಿಗೆ ಬರೆದ ಕಾಗದ, ಬ್ಯಾಂಕಿನ ಗುಪ್ತಪದ, ಎಲ್ಲ ಅವನ ಕಣ್ಣೆದುರು ಹಾದು ಹೋಗಿದೆಯೆ? ಹಣಕ್ಕಾಗಿಯೋ, ಇನ್ನೇನಕ್ಕಾಗಿಯೋ? ಆ ‘ಇನ್ನೇನಕ್ಕೋ’ ಎಂಬುದಕ್ಕೆ ಅವನು ಹೆಸರಿಡಲಿಲ್ಲ. ಊಟವನ್ನೂ ಮಾಡದೆ, ಚೀಲ ಹೆಗಲಿಗೇರಿಸಿ ಹೊರಟ. ಅಂಗಡಿಗೆ ಎಂದುಕೊಂಡಳು ಹೆಂಡತಿ.

ಪ್ರೆಸ್ಸಿನ ಎರಡನೆಯ ಮಹಡಿಯಲ್ಲಿ ಉದ್ದನೆಯ ಮೇಜಿನ ಸುತ್ತ ಕರಡು ತಿದ್ದುವವರು ಕೂತಿದ್ದರು. ಶಾಯಿಯ ವಾಸನೆ, ಕಾಗದ ಕತ್ತರಿಸುವ ಯಂತ್ರದ ಸದ್ದು. ಗಾಜಿನ ಬಾಗಿಲಿನಾಚೆಯಿಂದ ಒಡತಿ ಅವನನ್ನು ಕಂಡು ಹೊರಗೆ ಬಂದರು.

“ಏನು ಬೀಗದಣ್ಣ, ನಾವು ಯಾವ ಬೀಗದ ಕೈಯನ್ನೂ ಕಳ್ಕೊಂಡಿಲ್ಲವಲ್ಲ?”

“ಕಳ್ಕೊಂಡಿರೋದು ನಾವು ಅಮ್ಮ. ನನ್ನ ಹೆಂಡತಿ ಒತ್ತೋ ಪ್ರತಿ ಅಕ್ಷರಾನೂ ನಿಮ್ಮ ಈ ಮನುಷ್ಯ ಕದ್ದು ನೋಡ್ತಿದಾನೆ. ನಿಮಗೆ ಗೊತ್ತಿದೆಯೋ ಇಲ್ವೋ?”

ಮೇಜಿನ ಸುತ್ತ ಪೆನ್ನುಗಳು ನಿಂತವು. ಮೂಲೆಯಲ್ಲಿ ಒಂದು ಯಂತ್ರದ ಹೊಟ್ಟೆ ಬಿಚ್ಚಿ ಕೂತಿದ್ದ ಪ್ರೆಸ್ಸಿನ ತಮ್ಮ ಎದ್ದು ನಿಂತ. ತಲೆ ನರೆತಿದ್ದ, ಸ್ವಲ್ಪ ಬಗ್ಗಿ ನಡೆಯುವ ಮನುಷ್ಯ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತಿದ್ದ.

“ಯಾವುದು ಭಾವಾ, ಅಕ್ಕನ ಟೈಪಿಂಗ್ ಪ್ರೋಗ್ರಾಮಾ?”

“ಅದೇ. ಒತ್ತೋ ಗುಂಡೀನೆಲ್ಲ ನೋಡುತ್ತೋ ಇಲ್ವೋ ಅದು?”

“ನೋಡುತ್ತೆ.”

“ಕೇಳಿದ್ರಾ ಅಮ್ಮ! ಅವನ ಬಾಯಲ್ಲೇ ಬಂತು!”

“ನೋಡದೆ ಅಕ್ಷರ ಹೇಗೆ ಮೂಡಿಸೋದು ಭಾವಾ? ಯಾವ ಗುಂಡಿ ಒತ್ತಿದ್ರು ಅಂತ ನೋಡಿ, ಅದರ ಬದಲಿಗೆ ನಮ್ಮ ಅಕ್ಷರ ಹಾಕೋದೇ ಅದರ ಕೆಲಸ. ಎಲ್ಲಿಗೂ ಕಳಿಸಲ್ಲ.”

“ಹಾಗಾದ್ರೆ ಪುಕ್ಕಟೆ ಯಾಕೆ ಕೊಟ್ಟೆ?”

ಪ್ರಶ್ನೆ ಅಷ್ಟು ನೇರವಾಗಿ ಬಿತ್ತು. ಎಲ್ಲರೂ ತಮ್ಮನ ಮುಖ ನೋಡಿದರು. ಅವನು ಉತ್ತರ ಹುಡುಕಿದ. ಪುಕ್ಕಟೆ ಕೊಟ್ಟವನು ಕಾರಣವನ್ನು ಕಟ್ಟಿಟ್ಟುಕೊಂಡಿರುವುದಿಲ್ಲ. ಕೇಳಿದಾಗ ಅವನ ಬಾಯಿ ಕಟ್ಟುತ್ತದೆ, ನೋಡುವವರಿಗೆ ಅದು ತಪ್ಪಿತಸ್ಥನ ಮೌನದಂತೆ ಕಾಣುತ್ತದೆ.

“ಅಕ್ಕ ಕೇಳಿದ್ರು. ಕೊಟ್ಟೆ,” ಎಂದ ಕೊನೆಗೆ.

“ಅಷ್ಟೇನಾ?”

“ಅಷ್ಟೇ.”

ಕರಡು ತಿದ್ದುವವರಲ್ಲಿ ಒಬ್ಬಳು ಪಕ್ಕದವಳ ಕಡೆ ನೋಡಿ ಹುಬ್ಬು ಹಾರಿಸಿದಳು. ಬೀಗದಣ್ಣ ಅದನ್ನು ಕಂಡ, ತನ್ನ ಮಾತಿಗೆ ಸಿಕ್ಕ ಬೆಂಬಲವೆಂದು ತಿಳಿದ. ತಮ್ಮನೂ ಅದನ್ನು ಕಂಡ. ಒಡತಿ, “ಇದನ್ನ ಫೋನಲ್ಲಿ ಕೇಳಬಹುದಿತ್ತು. ನೀವು ಈಗ ಹೊರಡಿ,” ಎಂದು ಗಾಜಿನ ಬಾಗಿಲು ಹಿಡಿದು ನಿಂತರು.

ಸಂಜೆ ಅವನು ಮನೆಗೆ ಬರುವ ಹೊತ್ತಿಗೆ ಸುದ್ದಿ ಫೋನಿನಲ್ಲಿ ಮೊದಲೇ ಬಂದು ಕೂತಿತ್ತು. ಹೆಂಡತಿ ಅಳಲಿಲ್ಲ, ಕೂಗಾಡಲಿಲ್ಲ. ಕಂಪ್ಯೂಟರ್ ಮುಂದಿನ ಕುರ್ಚಿಯನ್ನು ಅವನ ಕಡೆ ತಿರುಗಿಸಿ ಕೂತು ಕೇಳಿದಳು:

“ನನ್ನ ಹತ್ತಿರ ಯಾಕೆ ಕೇಳ್ಲಿಲ್ಲ?”

“ನಿನಗೆ ಜನರ ಬಗ್ಗೆ ತಿಳಿಯಲ್ಲ.”

“ನಿಮಗೆ ಜನ ಅಂದ್ರೆ ಬಾಗಿಲಾಚೆ ಇರೋ ಕಳ್ಳರು. ಅಷ್ಟು ಜನರ ಎದುರಿಗೆ ಅವನನ್ನ ನಿಲ್ಲಿಸಿ ಕೇಳಿದ್ರಲ್ಲ, ನನ್ನನ್ನೂ ಪಕ್ಕದಲ್ಲೇ ನಿಲ್ಲಿಸಿದ ಹಾಗಾಯ್ತು, ಗೊತ್ತಾಯ್ತಾ?”

ಗೊತ್ತಾಯಿತು. ಹುಬ್ಬು ಹಾರಿಸಿದವಳ ಮುಖ ಈಗ ಬೇರೆ ರೀತಿಯಲ್ಲಿ ಕಣ್ಣಮುಂದೆ ಬಂತು. ಆದರೆ ಅವನು, “ಆ ಕಾವಲೇ ಹೇಳಿತಲ್ಲ, ನಾನು ಕಲ್ಪಿಸಿಕೊಂಡದ್ದಾ?” ಎಂದಷ್ಟೇ ಅಂದು ಕೈಕಾಲು ತೊಳೆಯಲು ಹೋದ.

ಮರುದಿನ ಬೆಳಿಗ್ಗೆ, ಕರೆಯದೆಯೇ, ಪ್ರೆಸ್ಸಿನ ತಮ್ಮ ಮನೆಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲೇ ನಿಂತು, “ಒಳಗೆ ಬರಲಾ ಭಾವಾ?” ಎಂದು ಕೇಳಿದ. ಹಿಂದೆಲ್ಲ ಹಾಗೆ ಕೇಳಿ ಬರುವವನಲ್ಲ. ಹೆಂಡತಿ ಕೊಟ್ಟ ನೀರು ಕುಡಿದು ಕಂಪ್ಯೂಟರಿನ ಮುಂದೆ ಕೂತ. ಎರಡು ಆಂಟಿವೈರಸ್‌ಗಳನ್ನೂ ನೋಡಿದ. ಇಂಟರ್ನೆಟ್ ವೈರನ್ನು ಕಿತ್ತು ಬೀಗದಣ್ಣನ ಕೈಯಲ್ಲಿ ಕೊಟ್ಟ. ತನ್ನ ಪ್ರೋಗ್ರಾಮಿನ ತಡೆ ತೆಗೆದು, ಅಕ್ಕನ ಹೆಸರನ್ನು ಒತ್ತಿ ತೋರಿಸಿದ. ಅಕ್ಷರಗಳು ಸರಾಗವಾಗಿ ಮೂಡಿದವು.

“ನೋಡಿ, ವೈರ್ ನಿಮ್ಮ ಕೈಯಲ್ಲಿದೆ. ಹೊರಗೆ ಹೋಗೋಕೆ ದಾರಿ ಇಲ್ಲ. ಆದ್ರೂ ಇದು ಕೆಲಸ ಮಾಡುತ್ತೆ.”

ಬೀಗದಣ್ಣ ವೈರಿನ ತುದಿಯನ್ನು ತಿರುಗಿಸಿ ನೋಡಿದ. “ಈಗ ಕೂಡಿಟ್ಟುಕೊಂಡು, ಆಮೇಲೆ ವೈರ್ ಹಾಕಿದಾಗ ಕಳಿಸಬಹುದಲ್ಲ?”

“ರೀ!” ಎಂದಳು ಹೆಂಡತಿ.

“ಇರಲಿ ಅಕ್ಕ. ಭಾವ ಹೇಳಿದ್ದು ಸರಿಯೇ. ಹಾಗೂ ಮಾಡಬಹುದು.” ತಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. “ನಾನು ಹಾಗೆ ಮಾಡಿಲ್ಲ. ಮಾಡಿಲ್ಲ ಅಂತ ತೋರಿಸೋಕೆ ನನ್ನ ಹತ್ರ ಏನೂ ಇಲ್ಲ. ಭಾವಾ, ಈ ಎರಡು ಹಾಕಿದೀರಲ್ಲ, ಇವೂ ನೀವು ಮಾಡೋದನ್ನೆಲ್ಲ ನೋಡ್ತಾ ಕೂತಿರ್ತವೆ. ಇವನ್ನ ಮಾಡಿದೋರು ಯಾರು, ಎಲ್ಲಿರ್ತಾರೆ, ನಿಮಗೆ ಗೊತ್ತಾ?”

“ಅದನ್ನ ತಿಳ್ಕೊಳ್ಳೋದು ಹೇಗೆ?”

“ತಿಳಿಯಲ್ಲ. ನನ್ನ ಮನೆ ನಿಮಗೆ ಗೊತ್ತು. ನಮ್ಮ ಬಾಗಿಲಿಗೆ ಬೀಗ ಹಾಕಿದ್ದೇ ನೀವು. ಅದರ ಇನ್ನೊಂದು ಕೈ ನಿಮ್ಮ ಹತ್ರ ಇದೆಯಾ ಅಂತ ನಾನು ಯಾವತ್ತೂ ಕೇಳಿಲ್ಲ.”

ಬೀಗದಣ್ಣನ ಕಿವಿ ಕೆಂಪಾಯಿತು. “ನಾನು ಅಂಥವನಲ್ಲ.”

“ಗೊತ್ತು,” ಎಂದ ತಮ್ಮ. “ಅದಕ್ಕೇ ಕೇಳಿಲ್ಲ.”

ಆಮೇಲೆ ಅವನು ಯಂತ್ರದ ಕಡೆ ತಿರುಗಿ, ಒಂದೆರಡು ಕಡೆ ಒತ್ತಿ, ತನ್ನ ಪ್ರೋಗ್ರಾಮನ್ನು ಬೇರುಸಹಿತ ತೆಗೆದುಹಾಕಿದ. ಏನು ಮಾಡುತ್ತಿದ್ದಾನೆಂದು ಹೆಂಡತಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಕುರ್ಚಿಯ ಬೆನ್ನು ಹಿಡಿದಳು.

“ಬೇಡ ಅಂತ ನಾನು ಹೇಳಲಿಲ್ಲ ತಮ್ಮಾ.”

“ನೀವು ಹೇಳಿಲ್ಲ ಅಕ್ಕ. ಆದ್ರೆ ನಾಳೆ ಈ ಮನೇಲಿ ಏನು ಕಳೆದ್ರೂ ನನ್ನ ಹೆಸರು ಬರುತ್ತೆ. ಪ್ರೆಸ್ಸಿನಲ್ಲಿ ಈಗಾಗಲೇ ಬೇರೆ ಏನೇನೋ ಮಾತು. ನನಗೂ ಮನೆ ಮಕ್ಕಳು ಇದಾರೆ. ಇದರ ಬದಲಿಗೆ ಎಲ್ಲರೂ ಬಳಸೋ ಕೀಬೋರ್ಡ್ ಪ್ರೋಗ್ರಾಮನ್ನೇ ಹಾಕಿದೀನಿ. ಕಲಿತ್ಕೊಳ್ಳಿ.”

“ಈ ವಯಸ್ಸಿನಲ್ಲಾ?”

ಅವನು ಕುರ್ಚಿ ಬಿಟ್ಟು ಎದ್ದ. ಚಪ್ಪಲಿ ಮೆಟ್ಟಿಕೊಂಡು ಹೋದ.

ಅಂದೇ ಹೆಂಡತಿ ಮಗಳಿಗೆ ಫೋನು ಮಾಡಿ, ಅವಳು ಹೇಳಿದಂತೆ ಒಂದೊಂದಾಗಿ ಒತ್ತುತ್ತ, ಇಬ್ಬರು ಪುಕ್ಕಟೆ ಕಾವಲುಗಾರರನ್ನೂ ಹೊರಗೆ ಹಾಕಿದಳು. ಹೋಗುವಾಗಲೂ ಅವು, ನಿಜವಾಗಿ ತೆಗೆಯಬೇಕೆ, ಯಾಕೆ ತೆಗೆಯುತ್ತಿದ್ದೀರಿ, ಅಪಾಯ ಕಾದಿದೆ ಎಂದು ಮತ್ತೆ ಮತ್ತೆ ಕೇಳಿದವು. ಕಂಪ್ಯೂಟರಿನ ಜೊತೆಗೇ ಬಂದದ್ದನ್ನು ಆನ್ ಮಾಡಿ, ಪೆನ್‌ಡ್ರೈವನ್ನು ಅದರ ಕೈಯಲ್ಲಿ ತಪಾಸಣೆ ಮಾಡಿಸಿದಳು. ಜೆರಾಕ್ಸ್ ಅಂಗಡಿಯಿಂದ ಬಂದಿದ್ದ ವೈರಸ್ ಸಿಕ್ಕಿತು, ಅಳಿಸಿ ಹೋಯಿತು. ಬೀಗದಣ್ಣ ಪಕ್ಕದಲ್ಲಿ ನಿಂತು ನೋಡಿದ. ಬಾಯಿ ತೆರೆದಾಗ ಹೆಂಡತಿ ಫೋನಿನಿಂದ ಮುಖ ತೆಗೆಯದೆ ಕೈಯೆತ್ತಿ ತಡೆದಳು.

ಶುಕ್ರವಾರಕ್ಕೆ ಪುಟಗಳು ಹೋಗಲಿಲ್ಲ. ಒಡತಿ ಕೆಲಸ ನಿಲ್ಲಿಸಲಿಲ್ಲ, ಪೆನ್‌ಡ್ರೈವ್ ಶುದ್ಧವಾಗಿತ್ತಲ್ಲ. ಆದರೆ ಮುದ್ರಣದ ದಿನ ಹತ್ತಿರವಾಗಿತ್ತು. ಕೈಪಿಡಿಯ ಉಳಿದ ಭಾಗದಲ್ಲಿ ಹೆಚ್ಚಿನದನ್ನು ಬೇರೆಯವಳಿಗೆ ಕೊಟ್ಟು, ಇವಳಿಗೆ ಕೊನೆಯ ಎರಡು ಅಧ್ಯಾಯ ಮಾತ್ರ ಬಿಟ್ಟರು. “ಕೈ ಕೂತ ಮೇಲೆ ನೋಡೋಣ,” ಎಂದರು. ಒಳ್ಳೆಯ ದನಿಯಲ್ಲೇ ಹೇಳಿದರು.

ಕೈ ಕೂರಲಿಲ್ಲ. ಮನಸ್ಸು ಒಂದು ಅಕ್ಷರ ಎನ್ನುವಷ್ಟರಲ್ಲಿ ಬೆರಳು ಹಳೆಯ ಜಾಗಕ್ಕೆ ಹಾರುತ್ತಿತ್ತು, ಪರದೆಯ ಮೇಲೆ ಬೇರೇನೋ ಮೂಡುತ್ತಿತ್ತು. ಅಳಿಸಿ, ಬಗ್ಗಿ, ಕನ್ನಡಕ ಮೂಗಿನ ಮೇಲೆ ಸರಿಸಿ ಗುಂಡಿ ಹುಡುಕಿ ಮತ್ತೆ ಒತ್ತಬೇಕು. ಗಂಡನ ಜೊತೆ ಮಾತಾಡುತ್ತ ಟೈಪು ಮಾಡುವುದು ನಿಂತುಹೋಯಿತು. ಮಾತಾಡಿದರೆ ಜಾಗ ತಪ್ಪುತ್ತಿತ್ತು.

ಬೀಗದಣ್ಣ ಒಂದು ದಿನ ಪ್ರೆಸ್ಸಿನ ಮೆಟ್ಟಿಲ ಬುಡದವರೆಗೆ ಹೋಗಿ, ಏನು ಹೇಳಬೇಕೆಂದು ಗೊತ್ತಾಗದೆ ಹಿಂತಿರುಗಿದ. ತಪ್ಪಾಯಿತು ಎಂದರೆ, ಅವನು ಕದ್ದಿಲ್ಲ ಎಂದು ಒಪ್ಪಿದಂತೆ. ಕದ್ದಿಲ್ಲ ಎಂದು ಹೇಗೆ ಹೇಳುವುದು? ಕದ್ದಿದ್ದಾನೆ ಎಂದಾದರೂ ಹೇಗೆ ಹೇಳುವುದು? ಇಂಥ ಬಾಗಿಲ ಮುಂದೆ ಏನು ಮಾಡಬೇಕೆಂದು ಸೋದರಮಾವ ಹೇಳಿಕೊಟ್ಟಿರಲಿಲ್ಲ.

ಒಂದು ಸಂಜೆ ಅಂಗಡಿಯಿಂದ ಬಂದವನು ನಡುಮನೆಯ ಹೊಸ್ತಿಲಲ್ಲಿ ನಿಂತ. ಹೆಂಡತಿ ಪರದೆಗೆ ಮುಖ ಕೊಟ್ಟು ಒಂದು ಪದವನ್ನು ಮುಗಿಸುವ ಯತ್ನದಲ್ಲಿದ್ದಳು. ಅವಳ ತೋರುಬೆರಳು ಗಾಳಿಯಲ್ಲಿ ನಿಂತು ಗುಂಡಿ ಹುಡುಕುತ್ತಿತ್ತು. ಬಹಳ ಹೊತ್ತು ನೋಡಿದ. ಏನಾದರೂ ಒಳ್ಳೆಯ ಮಾತಾಡಬೇಕೆಂದು ಅವನಿಗೆ ನಿಜವಾಗಿಯೂ ಅನ್ನಿಸಿತು. ಬಾಯಿ ತೆರೆದಾಗ ಬಂದದ್ದು ಮಾತ್ರ ಬೇರೆ.

“ಈ ಹೊಸ ಕೀಬೋರ್ಡ್ ಮಾಡಿದೋರು ಯಾರಂತೆ? ವಿಚಾರಿಸಿದ್ಯಾ?”

ಬೆರಳು ಹಾಗೆಯೇ ನಿಂತಿತು. ಆಮೇಲೆ ಗುಂಡಿ ಸಿಕ್ಕಿ, ಒತ್ತಿತು.

“ಇಲ್ಲ,” ಎಂದಳು ಅವಳು, ತಿರುಗದೆ. “ನೀವೂ ವಿಚಾರಿಸಬೇಡಿ.”

ಅವನು ಹೊರಗೆ ಹೋಗಿ ಜಗಲಿಯ ಮೇಲೆ ಕೂತ. ಮೊದಲು ಆ ಕೋಣೆಯಿಂದ ಬೇಳೆ ಸುರಿದಂಥ ಸದ್ದು ಬರುತ್ತಿತ್ತು. ಈಗ ಒಂದು ಗುಂಡಿಯ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಒಂದು.